ಯಾರೂ ನೆಡದ ಮೂರು ಗಿಡಗಳು



ಮಕ್ಕಳ ಪದವಿ ಸಮಾರಂಭಕ್ಕೆಂದು ತರುವ ಸ್ಮರಣ ಸಂಚಿಕೆಯಲ್ಲಿ ಕನ್ನಡನಾಡಿನ ಇತಿಹಾಸದ ಮೇಲೆ ಒಂದು ಲೇಖನ ಇರುವುದು ವಾಡಿಕೆ. ಕದಂಬರು, ಚಾಲುಕ್ಯರು, ವಿಜಯನಗರ, ಏಕೀಕರಣ, ಇವೆಲ್ಲ ನಮ್ಮ ಮಕ್ಕಳಿಗೆ ತಿಳಿದಿರಲೇಬೇಕು. ಈ ಸಲ ನಾನು ಬರೆಯಲು ಹೊರಟಿರುವುದು ನಾವು ಮನೆ ಕಟ್ಟಿಕೊಂಡಿರುವ ಈ ನ್ಯೂಜೆರ್ಸಿ ಮಣ್ಣಿನ ಇತಿಹಾಸದ ಒಂದು ತುಣುಕು. ಇದರಲ್ಲಿ ರಾಜರಿಲ್ಲ, ಯುದ್ಧ ಒಂದಿದೆ. ಮುಖ್ಯ ಪಾತ್ರಗಳು ಮೂರು ಗಿಡಗಳು: ಬ್ಲೂಬೆರಿ, ಗೋಲ್ಡನ್‌ರಾಡ್, ಮಿಲ್ಕ್‌ವೀಡ್. ಮೂರೂ ಈ ನೆಲದಲ್ಲೇ ಹುಟ್ಟಿ ಬೆಳೆದವು. ಮೂರನ್ನೂ ಬಹಳ ಕಾಲ ಯಾರೂ ನೆಟ್ಟು ಬೆಳೆಸಲಿಲ್ಲ. ಮೂರರ ಕಡೆಗೂ ಜನ ಕಣ್ಣೆತ್ತಿ ನೋಡಿದ್ದು ತಮಗೆ ಏನೋ ಬೇಕಾದಾಗ ಮಾತ್ರ.

ಮೊದಲು, ಒಂದು ಊರಿಗೆ ಒಂದು ಗಿಡ ಸೇರಿದ್ದು ಎಂದರೆ ಏನು? ಇದಕ್ಕೆ ನಮಗೆಲ್ಲ ಗೊತ್ತಿರುವ ಎಕ್ಕದ ಗಿಡವೇ ಒಳ್ಳೆಯ ಉದಾಹರಣೆ. ರಥಸಪ್ತಮಿಯ ದಿನ ತಲೆ, ಭುಜಗಳ ಮೇಲೆ ಎಕ್ಕದ ಎಲೆ ಇಟ್ಟುಕೊಂಡು ಸ್ನಾನ ಮಾಡಿದ ನೆನಪು ನಮ್ಮಲ್ಲಿ ಅನೇಕರಿಗಿದೆ. ಎಲೆ ಮುರಿದರೆ ಬಿಳಿ ಹಾಲು ಸುರಿಯುತ್ತದೆ. ಆ ಹಾಲಿನಲ್ಲಿ ವಿಷವಿದೆ. ದನ ಅದನ್ನು ಮುಟ್ಟುವುದಿಲ್ಲ, ಆಡು ಕೂಡ ಹಿಂಜರಿಯುತ್ತದೆ. ಆದರೆ ಕಿತ್ತಳೆ ಬಣ್ಣದ ರೆಕ್ಕೆ, ಕಪ್ಪು ಅಂಚಿನ ‘ಪ್ಲೇನ್ ಟೈಗರ್’ ಎಂಬ ಚಿಟ್ಟೆ ಹುಡುಕಿಕೊಂಡು ಬಂದು ಅದೇ ಎಲೆಯ ಮೇಲೆ ಮೊಟ್ಟೆ ಇಡುತ್ತದೆ. ಅದರ ಮರಿಹುಳು ವಿಷವನ್ನು ಅರಗಿಸಿಕೊಂಡು ತನ್ನ ಮೈಯಲ್ಲೇ ಕೂಡಿಟ್ಟುಕೊಳ್ಳುತ್ತದೆ. ಹಾಗಾಗಿ ಹಕ್ಕಿಗಳು ಅದನ್ನು ತಿನ್ನಲು ಹೆದರುತ್ತವೆ. ಗಿಡಕ್ಕೂ ಹುಳುವಿಗೂ ಇಂಥ ಒಪ್ಪಂದ ಆಗಲು ಸಾವಿರಾರು ವರ್ಷಗಳ ಒಡನಾಟ ಬೇಕು. ನರ್ಸರಿಯಿಂದ ತಂದು ನೆಟ್ಟ ಹೊಸ ಅಲಂಕಾರದ ಗಿಡದ ಎಲೆಯನ್ನು ಆ ಹುಳುವಿನ ಮುಂದೆ ಹಿಡಿದರೆ ಅದು ಹಸಿದು ಸಾಯುತ್ತದೆಯೇ ಹೊರತು ತಿನ್ನುವುದಿಲ್ಲ.

ಹುಳು ಸತ್ತರೆ ನಮಗೇನು ಎನ್ನಬಹುದು. ಡೆಲವೇರ್ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞ ಡಗ್ ಟ್ಯಾಲಮಿ ಇದಕ್ಕೆ ಉತ್ತರವಾಗಿ ಒಂದು ಲೆಕ್ಕ ಕೊಡುತ್ತಾರೆ. ನಮ್ಮ ಹಿತ್ತಲಿಗೆ ಬರುವ ಚಿಕಡೀ ಎಂಬ ಪುಟ್ಟ ಹಕ್ಕಿಯ ಜೋಡಿಯೊಂದು ಒಂದು ಗೂಡಿನ ಮರಿಗಳನ್ನು ಸಾಕಲು 6,000ದಿಂದ 9,000 ಹುಳುಗಳನ್ನು ಹೆಕ್ಕಿ ತರಬೇಕು. ನಾವು ತೂಗುಹಾಕುವ ಕಾಳಿನ ಡಬ್ಬಿ ದೊಡ್ಡ ಹಕ್ಕಿಗಾಯಿತು, ಮರಿಗಲ್ಲ. ವಾಷಿಂಗ್ಟನ್ ನಗರದ ಸುತ್ತಲಿನ ಮನೆಗಳ ಅಂಗಳಗಳಲ್ಲಿ ಅವರೂ ಅವರ ಸಂಗಡಿಗರೂ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ಥಳೀಯ ಸಸ್ಯಗಳ ಪಾಲು ಶೇ. 70ಕ್ಕಿಂತ ಕಡಿಮೆ ಇದ್ದ ಕಡೆ ಚಿಕಡೀ ಹಕ್ಕಿಗಳು ತಮ್ಮ ಸಂಖ್ಯೆಯನ್ನು ಉಳಿಸಿಕೊಳ್ಳಲಾರವು ಎಂದು ಕಂಡುಬಂತು. ಹಸಿರಾಗಿ ಕಂಡದ್ದೆಲ್ಲ ಹಕ್ಕಿಗೆ ಅನ್ನವಲ್ಲ ಎಂದಾಯಿತು.

ಈಗ ಇತಿಹಾಸಕ್ಕೆ ಬರೋಣ.

ನಮ್ಮ ಮೆಟುಚೆನ್ ಊರಿನ ಹೆಸರು ಇಲ್ಲಿನ ಮೂಲನಿವಾಸಿಗಳಾದ ಲೆನಾಪೆ ಜನರ ಮುಖಂಡನೊಬ್ಬನ ಹೆಸರಿನಿಂದ ಬಂದದ್ದೆಂದು ಊರಿನವರು ಹೇಳುತ್ತಾರೆ. 1900ರಲ್ಲಿ ಇದು ಬೇರೆ ಬರೋ ಆಯಿತು. 1902ರಲ್ಲಿ ಮದುವೆಯಾಗಿ ಇಲ್ಲಿಗೆ ಬಂದು, 1930ರಲ್ಲಿ ತೀರಿಕೊಳ್ಳುವವರೆಗೂ ಇಲ್ಲೇ ಬಾಳಿದವರು ಅಮೆರಿಕದ ಹೆಸರಾಂತ ಕತೆಗಾರ್ತಿ ಮೇರಿ ವಿಲ್ಕಿನ್ಸ್ ಫ್ರೀಮನ್. 1903ರಲ್ಲಿ ಬಂದ ಅವರ ಒಂದು ಕಥಾಸಂಕಲನದ ಹೆಸರೇ ‘ಸಿಕ್ಸ್ ಟ್ರೀಸ್’, ಆರು ಮರಗಳು. ಎಲ್ಮ್, ಬಿಳಿ ಬರ್ಚ್, ಪೈನ್, ಬಾಲ್ಸಮ್ ಫರ್, ಲೊಂಬಾರ್ಡಿ ಪಾಪ್ಲರ್, ಸೇಬು, ಹೀಗೆ ಒಂದೊಂದು ಕತೆಗೂ ಒಂದೊಂದು ಮರ. ಇವುಗಳಲ್ಲಿ ಮೊದಲ ನಾಲ್ಕು ಅಮೆರಿಕದ ಈಶಾನ್ಯ ಭಾಗದ ಸ್ವಂತ ಮರಗಳು. ಪಾಪ್ಲರ್ ಮತ್ತು ಸೇಬು ಯುರೋಪಿನಿಂದ ಬಂದವರ ಜೊತೆ ಹಡಗು ಹತ್ತಿ ಬಂದವು. ಆಗಿನ ಅಮೆರಿಕದ ಅಂಗಳದಲ್ಲಿ ಎರಡೂ ಬಗೆಯವು ಒಟ್ಟಿಗೆ ಇದ್ದವು.

ಆ ಪುಸ್ತಕ ಬಂದ ಮರುವರ್ಷ, 1904ರಲ್ಲಿ, ಇಲ್ಲಿಗೆ ಹತ್ತಿರದ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಲ್ಲಿ ಚೆಸ್ಟ್‌ನಟ್ ಮರಗಳು ಒಣಗುತ್ತಿರುವುದನ್ನು ಅಲ್ಲಿನ ಅರಣ್ಯಾಧಿಕಾರಿ ಹರ್ಮನ್ ಮರ್ಕೆಲ್ ಗಮನಿಸಿದರು. ಏಷ್ಯಾದಿಂದ ತರಿಸಿದ ಚೆಸ್ಟ್‌ನಟ್ ಸಸಿಗಳ ಜೊತೆ ಒಂದು ಶಿಲೀಂಧ್ರ ಬಂದಿತ್ತು. ಏಷ್ಯಾದ ಮರಗಳಿಗೆ ಅದು ಹಳೆಯ ನೆರೆಯವನು, ಹೊಂದಿಕೊಂಡಿದ್ದವು. ಇಲ್ಲಿನ ಮರಗಳಿಗೆ ಅದರ ಪರಿಚಯವೇ ಇರಲಿಲ್ಲ. ಮುಂದಿನ ಐವತ್ತು ವರ್ಷಗಳಲ್ಲಿ ಸುಮಾರು 400 ಕೋಟಿ ಮರಗಳು ಸತ್ತವು ಎಂಬುದು ಅಂದಾಜು. 1930ರ ದಶಕದಲ್ಲಿ ಇನ್ನೊಂದು ಶಿಲೀಂಧ್ರ ಯುರೋಪಿನಿಂದ ತಂದ ದಿಮ್ಮಿಗಳ ಜೊತೆ ಬಂದು, ಫ್ರೀಮನ್ ಕತೆ ಬರೆದ ಎಲ್ಮ್ ಮರಗಳನ್ನೂ ಬೀದಿಬೀದಿಗಳಲ್ಲಿ ಬಲಿ ತೆಗೆದುಕೊಂಡಿತು. ಹೊರಗಿನ ಸಸ್ಯಗಳ ತಪಾಸಣೆಗೆ ಅಮೆರಿಕ 1912ರಲ್ಲಿ ಕಾನೂನು ಮಾಡಿದ್ದು ಚೆಸ್ಟ್‌ನಟ್ ರೋಗದಂಥ ಪೆಟ್ಟುಗಳನ್ನು ತಿಂದ ಮೇಲೆ.

ನಮ್ಮ ಮೂರು ಗಿಡಗಳಲ್ಲಿ ಮೊದಲನೆಯದರ ಕತೆ ನಡೆದದ್ದು ಇದೇ ಕಾಲದಲ್ಲಿ, ಇಲ್ಲಿಂದ ದಕ್ಷಿಣಕ್ಕೆ ಸುಮಾರು ಒಂದು ಗಂಟೆಯ ಕಾರು ದಾರಿಯ ಬರ್ಲಿಂಗ್ಟನ್ ಕೌಂಟಿಯಲ್ಲಿ. ಅಲ್ಲಿನ ಪೈನ್ ಬ್ಯಾರೆನ್ಸ್ ಕಾಡಿನ ಮರಳುಮಣ್ಣು ಹುಳಿ, ಬೇರೆ ಬೆಳೆಗೆ ಒಗ್ಗದು. ವೈಟ್ಸ್‌ಬಾಗ್ ಎಂಬಲ್ಲಿ ಕ್ರ್ಯಾನ್‌ಬೆರಿ ಬೆಳೆಯುತ್ತಿದ್ದ ಕುಟುಂಬದ ಮಗಳು ಎಲಿಜಬೆತ್ ವೈಟ್. ಬ್ಲೂಬೆರಿ ಆಗ ಕಾಡಿನಿಂದ ಆಯ್ದು ತರುವ ಹಣ್ಣು, ನಮ್ಮಲ್ಲಿ ಕವಳಿ, ನೇರಳೆ ಇದ್ದ ಹಾಗೆ. ಅದನ್ನು ತೋಟದಲ್ಲಿ ಬೆಳೆಯಲಾಗದು ಎಂದೇ ಎಲ್ಲರ ನಂಬಿಕೆ. ಸರ್ಕಾರಿ ಸಸ್ಯವಿಜ್ಞಾನಿ ಫ್ರೆಡರಿಕ್ ಕೊವಿಲ್ 1910ರಲ್ಲಿ ಪ್ರಕಟಿಸಿದ ವರದಿಯೊಂದು ಆ ನಂಬಿಕೆಯನ್ನು ಮುರಿಯಿತು. ಎಲ್ಲರೂ ಗೊಬ್ಬರ, ಸುಣ್ಣ ಹಾಕಿ ಮಣ್ಣನ್ನು ಹದಮಾಡುತ್ತಿದ್ದರು. ಬ್ಲೂಬೆರಿಗೆ ಬೇಕಿದ್ದುದು ಅದರ ತವರಿನ ಹುಳಿಮಣ್ಣೇ ಎಂದು ಕೊವಿಲ್ ತೋರಿಸಿದರು. ಎಲಿಜಬೆತ್ ಅವರಿಗೆ ತಮ್ಮ ಜಮೀನಿನಲ್ಲಿ ಪ್ರಯೋಗ ಮಾಡುವಂತೆ ಕಾಗದ ಬರೆದರು.

ಒಳ್ಳೆಯ ಗಿಡ ಎಲ್ಲಿದೆ ಎಂಬ ತಿಳಿವಳಿಕೆ ಪುಸ್ತಕದಲ್ಲಿರಲಿಲ್ಲ, ಕಾಡು ಅಲೆಯುವ ಜನರಲ್ಲಿತ್ತು. ಎಲಿಜಬೆತ್ ಅವರ ಕೈಗೆ 5/8 ಇಂಚಿನ ರಂಧ್ರವಿರುವ ಅಳತೆಪಟ್ಟಿ ಕೊಟ್ಟರು. ಆ ರಂಧ್ರದಲ್ಲಿ ತೂರದಷ್ಟು ದಪ್ಪ ಹಣ್ಣು ಬಿಡುವ ಪೊದೆ ತೋರಿಸಿದವರಿಗೆ ಹಣ ಕೊಟ್ಟರು, ಗಿಡಕ್ಕೆ ಅವರ ಹೆಸರನ್ನೇ ಇಟ್ಟರು. ರೂಬ್ ಲೀಕ್ ಎಂಬಾತ ತೋರಿಸಿದ ಗಿಡ ‘ರೂಬೆಲ್’ ಆಯಿತು. ಆ ತಳಿ ಇಂದಿಗೂ ನರ್ಸರಿಗಳಲ್ಲಿ ಸಿಗುತ್ತದೆ. 1916ರಲ್ಲಿ ತೋಟದಲ್ಲಿ ಬೆಳೆದ ಬ್ಲೂಬೆರಿಯ ಮೊದಲ ಫಸಲು ವೈಟ್ಸ್‌ಬಾಗ್‌ನಿಂದ ಮಾರುಕಟ್ಟೆಗೆ ಹೋಯಿತು. ಇಂದು ಅದು ನ್ಯೂಜೆರ್ಸಿಯ ರಾಜ್ಯ ಹಣ್ಣು. ಜೂನ್, ಜುಲೈಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ ಬುಟ್ಟಿ ತುಂಬ ಕಿತ್ತು ತರುವ ಹಣ್ಣಿನ ವಂಶ ಇಲ್ಲಿನ ಕಾಡಿನದೇ.

ಅದೇ 1916ರ ಬೇಸಿಗೆಯಲ್ಲಿ, ಅದೇ ಬರ್ಲಿಂಗ್ಟನ್ ಕೌಂಟಿಯಲ್ಲಿ, ಡೆಲವೇರ್ ನದಿ ದಡದ ರಿವರ್ಟನ್ ಊರಿನ ನರ್ಸರಿಯೊಂದರಲ್ಲಿ ಹಸಿರು–ತಾಮ್ರ ಬಣ್ಣದ ಹೊಳೆಯುವ ದುಂಬಿಗಳು ಕಂಡವು. ಅಮೆರಿಕದಲ್ಲಿ ಜಪಾನೀ ದುಂಬಿ ಕಾಣಿಸಿಕೊಂಡದ್ದು ಅದೇ ಮೊದಲು. ತರಿಸಿಕೊಂಡ ಅಲಂಕಾರದ ಗಿಡಗಳ ಬೇರಿನ ಮಣ್ಣಿನಲ್ಲಿ ಅದರ ಹುಳು ಬಂದಿರಬೇಕೆಂದು ಊಹೆ. ಗುಲಾಬಿಯಿಂದ ದ್ರಾಕ್ಷಿಯವರೆಗೆ ಮುನ್ನೂರಕ್ಕೂ ಹೆಚ್ಚು ಬಗೆಯ ಗಿಡಗಳನ್ನು ಅದು ತಿನ್ನುತ್ತದೆ. ಒಂದೇ ವರ್ಷ, ಒಂದೇ ಕೌಂಟಿ. ಕಣ್ಣೆದುರಿನ ಕಾಡುಗಿಡವನ್ನು ಅರಿತು ನೋಡಿದವರಿಗೆ ಹಣ್ಣು ಸಿಕ್ಕಿತು. ಎಲ್ಲಿಂದಲೋ ಚೆಂದದ ಗಿಡ ತರಿಸಿದ ಕಡೆ ದುಂಬಿ ಸಿಕ್ಕಿತು.

ಎರಡನೆಯ ಗಿಡ ಗೋಲ್ಡನ್‌ರಾಡ್. ಹೆಸರು ಗೊತ್ತಿಲ್ಲದಿದ್ದರೂ ಎಲ್ಲರೂ ನೋಡಿದ್ದೇವೆ. ಗಣೇಶನ ಹಬ್ಬದಿಂದ ನವರಾತ್ರಿಯವರೆಗೆ ಹೆದ್ದಾರಿಯ ಬದಿಯಲ್ಲಿ, ಪಾಳು ಜಾಗದಲ್ಲಿ ಹಳದಿ ಹೂ ತುಂಬಿ ಬಾಗಿ ನಿಲ್ಲುವುದು ಅದೇ. ನಮ್ಮ ಸೇವಂತಿಗೆಯ ಕುಟುಂಬದ್ದು. ಅದಕ್ಕೊಬ್ಬ ದೊಡ್ಡ ಗಿರಾಕಿ ಸಿಕ್ಕಿದ್ದರು. ಮೆಟುಚೆನ್‌ನಿಂದ ಎರಡು–ಮೂರು ಮೈಲಿ ದೂರದ ಮೆನ್ಲೊ ಪಾರ್ಕ್‌ನಲ್ಲಿ 1876ರಲ್ಲಿ ಪ್ರಯೋಗಶಾಲೆ ತೆರೆದು ವಿದ್ಯುತ್ ದೀಪ ಮಾಡಿದ ಥಾಮಸ್ ಎಡಿಸನ್ ಅವರೇ ಆ ಗಿರಾಕಿ. ಮುಂದೆ ಅವರು ವೆಸ್ಟ್ ಆರೆಂಜ್‌ಗೆ ಹೋದರು. ಎಂಬತ್ತರ ಅಂಚಿನಲ್ಲಿ ಅವರನ್ನು ಹಿಡಿದ ಹುಚ್ಚು ಗಿಡಗಳದ್ದು. ಅಮೆರಿಕದ ಟೈರುಗಳಿಗೆ ಬೇಕಾದ ರಬ್ಬರ್ ದೂರದ ಏಷ್ಯಾದಿಂದ ಬರುತ್ತಿತ್ತು. ಯುದ್ಧ ಬಂದು ದಾರಿ ಮುಚ್ಚಿದರೆ ಗತಿಯೇನು? 1927ರಲ್ಲಿ ಹೆನ್ರಿ ಫೋರ್ಡ್ ಮತ್ತು ಹಾರ್ವೆ ಫೈರ್‌ಸ್ಟೋನ್ ಜೊತೆ ಸೇರಿ ಎಡಿಸನ್ ಒಂದು ಸಸ್ಯಸಂಶೋಧನಾ ಸಂಸ್ಥೆ ಕಟ್ಟಿದರು. ಸುಮಾರು 17,000 ಸಸ್ಯ ಮಾದರಿಗಳನ್ನು ಪರೀಕ್ಷಿಸಿ ಕೊನೆಗೆ ಆರಿಸಿದ್ದು ಗೋಲ್ಡನ್‌ರಾಡ್ ಅನ್ನು. ಅದರ ಎಲೆಯಿಂದ ರಬ್ಬರ್ ಬಂತು, ಆದರೆ ಲಾಭ ತರುವಷ್ಟು ಬರಲಿಲ್ಲ. 1931ರಲ್ಲಿ ಎಡಿಸನ್ ತೀರಿಕೊಂಡರು. ಗೋಲ್ಡನ್‌ರಾಡ್ ಮತ್ತೆ ಕಳೆಯಾಯಿತು.

ಅದರ ಮೇಲೆ ಒಂದು ಸುಳ್ಳು ಅಪವಾದವೂ ಇದೆ. ಸೆಪ್ಟೆಂಬರಿನ ಸೀನು, ಕಣ್ಣುರಿಗೆ ಜನ ಗೋಲ್ಡನ್‌ರಾಡ್ ಕಡೆ ಬೆರಳು ತೋರಿಸುತ್ತಾರೆ. ನಿಜವಾದ ಕಾರಣ ಅದೇ ಹೊತ್ತಿಗೆ ಹೂ ಬಿಡುವ ರ‍್ಯಾಗ್‌ವೀಡ್. ಅದರ ಹಸಿರು ಹೂ ಕಣ್ಣಿಗೆ ಬೀಳುವುದಿಲ್ಲ, ಪರಾಗ ಗಾಳಿಯಲ್ಲಿ ಹಾರುತ್ತದೆ. ಗೋಲ್ಡನ್‌ರಾಡ್‌ನ ಪರಾಗ ಭಾರ, ಅಂಟು. ಅದನ್ನು ಒಯ್ಯಲು ಜೇನುಹುಳುವೇ ಬರಬೇಕು. ಚಳಿಗಾಲಕ್ಕೆ ಮುಂಚೆ ಜೇನುಗಳಿಗೂ, ದಕ್ಷಿಣಕ್ಕೆ ಹೊರಟ ಚಿಟ್ಟೆಗಳಿಗೂ ಕಡೆಯ ಬುತ್ತಿ ಕಟ್ಟಿಕೊಡುವ ಹೂಗಳಲ್ಲಿ ಅದು ಮುಖ್ಯವಾದದ್ದು. ಎಡಿಸನ್ ಹುಡುಕಿದ್ದು ರಬ್ಬರ್. ಈ ಬುತ್ತಿಯ ಲೆಕ್ಕ ಯಾರೂ ಬರೆದಿಡಲಿಲ್ಲ.

ಮೂರನೆಯದು ಮಿಲ್ಕ್‌ವೀಡ್, ನಮ್ಮ ಎಕ್ಕದ ಹತ್ತಿರದ ನೆಂಟ. ಮುರಿದರೆ ಅದೇ ಬಿಳಿ ಹಾಲು, ಒಣಗಿದ ಕಾಯಿ ಒಡೆದರೆ ಅದೇ ರೇಷ್ಮೆಯಂಥ ನವಿರು. ಅದರ ಹೆಸರಿನಲ್ಲೇ ‘ವೀಡ್’, ಅಂದರೆ ಕಳೆ, ಎಂದು ಸೇರಿಸಿಬಿಟ್ಟಿದ್ದಾರೆ. ವೈಜ್ಞಾನಿಕ ಹೆಸರಿನಲ್ಲೂ ಒಂದು ತಪ್ಪು ಸೇರಿಕೊಂಡಿದೆ. ಯುರೋಪಿನ ಸಸ್ಯಶಾಸ್ತ್ರಜ್ಞರು ಅದನ್ನು ಸಿರಿಯಾದ ಗಿಡವೆಂದು ತಿಳಿದ ಕಾರಣ ಅದು ‘ಸಿರಿಯಾಕ’ ಎಂದೇ ಉಳಿದಿದೆ.

ಎಡಿಸನ್ ಹೆದರಿದ್ದ ಯುದ್ಧ ಬಂದೇ ಬಂತು. 1942ರಲ್ಲಿ ಜಪಾನ್ ಜಾವಾ ದ್ವೀಪವನ್ನು ಹಿಡಿಯಿತು. ನೌಕಾಪಡೆಯ ಜೀವರಕ್ಷಕ ಅಂಗಿಗಳೊಳಗೆ ತುಂಬುತ್ತಿದ್ದ ಹಗುರ ಹತ್ತಿ ಅಲ್ಲಿಂದ ಬರುತ್ತಿತ್ತು. ನಮ್ಮಲ್ಲಿ ದಿಂಬಿಗೆ ತುಂಬುವ ಬೂರುಗದ ಹತ್ತಿಯ ಜಾತಿ ಅದು. ಬದಲಿಗೆ ಸಿಕ್ಕಿದ್ದು ಮಿಲ್ಕ್‌ವೀಡ್‌ನ ನವಿರು. ಮೇಣದ ಲೇಪವಿರುವ ಅದರ ಎಳೆ ಒಳಗೆ ಟೊಳ್ಳು, ನೀರಿನಲ್ಲಿ ತೇಲುತ್ತದೆ. ಆದರೆ ಯಾರೂ ಬೆಳೆಯದ ಗಿಡದ ಕಾಯಿ ಕೀಳುವವರಾರು? ಸರ್ಕಾರ ಶಾಲಾಮಕ್ಕಳನ್ನು ಕೇಳಿಕೊಂಡಿತು. 1944ರ ಶರತ್ಕಾಲದಲ್ಲಿ ಅನೇಕ ರಾಜ್ಯಗಳ ಮಕ್ಕಳು ಈರುಳ್ಳಿ ಚೀಲ ಹಿಡಿದು ರಸ್ತೆಬದಿ, ಬೇಲಿಸಾಲು ತಿರುಗಿ ಕಾಯಿ ಕಿತ್ತರು. ಎರಡು ಚೀಲ ಕಾಯಿಗೆ ಒಂದು ಜೀವ ಉಳಿಯುತ್ತದೆ ಎಂಬುದು ಅಂದಿನ ಘೋಷಣೆ. ಕಾಯಿಗಳು ಮಿಷಿಗನ್ ರಾಜ್ಯದ ಪಿಟಾಸ್ಕಿ ಊರಿನ ಕಾರ್ಖಾನೆಗೆ ಹೋದವು. ಯುದ್ಧ ಮುಗಿಯಿತು, ಮಿಲ್ಕ್‌ವೀಡ್ ಮತ್ತೆ ಕಳೆಯಾಯಿತು.

ಅದನ್ನು ನಂಬಿಕೊಂಡವರು ಮಾತ್ರ ಬೇರೆ ಇದ್ದರು. ಪ್ಲೇನ್ ಟೈಗರ್‌ಗೆ ಎಕ್ಕ ಹೇಗೋ, ಅದರ ಸೋದರಸಂಬಂಧಿಯಾದ ಇಲ್ಲಿನ ಮೊನಾರ್ಕ್ ಚಿಟ್ಟೆಗೆ ಮಿಲ್ಕ್‌ವೀಡ್ ಹಾಗೆ. ಅದರ ಮರಿಹುಳು ಬೇರೆ ಏನನ್ನೂ ತಿನ್ನದು. ಈ ಚಿಟ್ಟೆಗಳು ಚಳಿಗಾಲದಲ್ಲಿ ಎಲ್ಲಿಗೆ ಹೋಗುತ್ತವೆ ಎಂಬುದು ವಿಜ್ಞಾನಿಗಳಿಗೆ ಗೊತ್ತಾದದ್ದು 1975ರಲ್ಲಿ, ಮೆಕ್ಸಿಕೋದ ಬೆಟ್ಟಗಳಲ್ಲಿ ಮರಗಳಿಗೆ ಜೋತುಬಿದ್ದ ಕೋಟಿಗಟ್ಟಲೆ ಮೊನಾರ್ಕ್‌ಗಳು ಕಂಡಾಗ. ಎರಡೇ ದಶಕಗಳಲ್ಲಿ ಅವುಗಳಿಗೆ ಆಪತ್ತು ಬಂತು. 1990ರ ದಶಕದ ಕೊನೆಯಿಂದ ಕಳೆನಾಶಕವನ್ನು ತಾಳಿಕೊಳ್ಳುವ ಸೋಯಾ, ಮೆಕ್ಕೆಜೋಳದ ತಳಿಗಳು ಬಂದವು. ಹೊಲಗಳಲ್ಲಿ ಮಿಲ್ಕ್‌ವೀಡ್ ಬಹುಪಾಲು ಅಳಿಯಿತು. ಮೆಕ್ಸಿಕೋದಲ್ಲಿ ಈ ಚಿಟ್ಟೆಗಳನ್ನು ಎಣಿಸುವುದು ಅವು ಕೂತ ಕಾಡಿನ ವಿಸ್ತಾರದಿಂದ. 1996–97ರ ಚಳಿಗಾಲದಲ್ಲಿ ಅದು 18.19 ಹೆಕ್ಟೇರ್ ಇತ್ತು. 2013–14ರಲ್ಲಿ 0.67 ಹೆಕ್ಟೇರ್. ಆಮೇಲೆ ಏರಿಳಿತ ಆಗಿದೆ, ಹಳೆಯ ಮಟ್ಟ ಮರಳಿಲ್ಲ. ಹೊಲಗಳು ಹೋದ ಮೇಲೆ ಉಳಿದದ್ದು ರಸ್ತೆಯ ಅಂಚು, ಉದ್ಯಾನ, ಮನೆಯ ಅಂಗಳ. ಅಂದರೆ ಲೆಕ್ಕ ನಮ್ಮ ಮನೆಬಾಗಿಲಿಗೆ ಬಂದು ನಿಂತಿದೆ.

ಇಲ್ಲಿ ಒಂದು ಮಾತು ಬಿಚ್ಚಿ ಹೇಳಬೇಕು. ನಾವೇ ಹೊರಗಿನಿಂದ ಬಂದವರು. ‘ಸ್ಥಳೀಯ ಗಿಡ ಉತ್ತಮ, ಹೊರಗಿನದು ಕೆಟ್ಟದ್ದು’ ಎಂಬ ಮಾತು ಕಿವಿಗೆ ಬಿದ್ದಾಗ ನಮ್ಮಲ್ಲಿ ಕೆಲವರಿಗೆ ಕಸಿವಿಸಿ ಆಗುವುದು ಸಹಜ. ಗಿಡದ ಮಾತನ್ನು ಮನುಷ್ಯರಿಗೆ ಅನ್ವಯಿಸಬಾರದು. ಮನುಷ್ಯ ಒಂದೇ ತಲೆಮಾರಿನಲ್ಲಿ ಹೊಸ ಊಟ, ಹೊಸ ಭಾಷೆ ಕಲಿಯಬಲ್ಲ. ನಮ್ಮ ಮಕ್ಕಳು ಎರಡೆರಡು ಭಾಷೆ ಕಲಿತಿದ್ದಾರೆ. ಮೊನಾರ್ಕ್‌ನ ಹುಳು ಇನ್ನೊಂದು ಎಲೆಯನ್ನು ಕಲಿಯಲಾರದು. ಹೊರಗಿನ ಗಿಡವೆಲ್ಲ ಕೆಟ್ಟದ್ದೂ ಅಲ್ಲ. ನಾವು ಪಲ್ಯಕ್ಕೆಂದು ಹಿತ್ತಲಿನಲ್ಲಿ ಬೆಳೆಯುವ ಸಬ್ಬಸಿಗೆ ಸೊಪ್ಪು ಈ ನೆಲದ್ದಲ್ಲ. ಆದರೂ ಅದೇ ಕುಟುಂಬದ ಸ್ಥಳೀಯ ಗಿಡಗಳಿಗೆ ಒಗ್ಗಿದ ಬ್ಲ್ಯಾಕ್ ಸ್ವಾಲೋಟೇಲ್ ಚಿಟ್ಟೆ ಸಬ್ಬಸಿಗೆಯಲ್ಲೂ ಮೊಟ್ಟೆ ಇಡುತ್ತದೆ. 2016ರಿಂದ ಅದು ನ್ಯೂಜೆರ್ಸಿಯ ರಾಜ್ಯ ಚಿಟ್ಟೆ. ಸೊಪ್ಪಿನ ಮೇಲೆ ಹಸಿರು–ಕಪ್ಪು ಪಟ್ಟೆಯ ಹುಳು ಕಂಡರೆ ಔಷಧಿ ಹೊಡೆಯದೆ ಒಂದೆರಡು ಗಿಡ ಬಿಟ್ಟುಕೊಡಿ.

ಗಿಡ ಸ್ಥಳ ಬದಲಿಸಿದರೆ ಏನಾಗಬಹುದು ಎಂಬುದಕ್ಕೆ ಸಾಕ್ಷಿ ನಮ್ಮ ತವರಿನಲ್ಲೂ ಇದೆ. ಅಮೆರಿಕ ಖಂಡದ ಲಂಟಾನ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಹೂವಿನ ಚೆಂದಕ್ಕೆಂದು ಭಾರತಕ್ಕೆ ಬಂತು. ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳಲ್ಲಿ ಅದು ಹುಲ್ಲು ಬೆಳೆಯಲು ಬಿಡುವುದಿಲ್ಲ, ಆನೆ, ಜಿಂಕೆಗಳ ಮೇವನ್ನು ನುಂಗಿದೆ. ಸೋಲಿಗರು, ಬೆಟ್ಟಕುರುಬರು ಮೊದಲಾದ ಕಾಡಿನ ಜನ ಆ ಕಡ್ಡಿಗಳಿಂದಲೇ ನಿಜ ಗಾತ್ರದ ನೂರು ಆನೆಗಳನ್ನು ಹೆಣೆದರು. 2024ರ ಶರತ್ಕಾಲದಲ್ಲಿ ಆ ಹಿಂಡು ಮ್ಯಾನ್‌ಹಟನ್‌ನ ಮೀಟ್‌ಪ್ಯಾಕಿಂಗ್ ಬೀದಿಗಳಲ್ಲಿ ನಿಂತಿದ್ದಾಗ ನಮ್ಮಲ್ಲಿ ಎಷ್ಟೋ ಜನ ಮಕ್ಕಳೊಂದಿಗೆ ಹೋಗಿ ಫೋಟೊ ತೆಗೆಸಿಕೊಂಡಿದ್ದೇವೆ. ಅಮೆರಿಕದ ಪೊದೆ ಕನ್ನಡದ ಕಾಡನ್ನು ಮುಚ್ಚಿ, ಆನೆಯ ರೂಪದಲ್ಲಿ ಅಮೆರಿಕಕ್ಕೆ ಮರಳಿತು. ಇಲ್ಲಿ ಜೇನಿಗೆ ಬುತ್ತಿ ಕೊಡುವ ಗೋಲ್ಡನ್‌ರಾಡ್ ಕೂಡ ಯುರೋಪ್, ಚೀನಾಗಳಲ್ಲಿ ಹಬ್ಬಿ ಕಾಟ ಕೊಡುತ್ತಿದೆ. ಗಿಡದಲ್ಲಿ ದೋಷವಿಲ್ಲ. ಅದನ್ನು ತಿನ್ನುವವರು, ಹದ್ದಿನಲ್ಲಿಡುವವರು ಜೊತೆಗೆ ಹೋಗಲಿಲ್ಲ.

ಹಾಗಾದರೆ ನಾವು ಮಾಡಬಹುದಾದದ್ದೇನು? ಇಡೀ ಹುಲ್ಲುಹಾಸನ್ನು ಅಗೆದು ಹಾಕಬೇಕಿಲ್ಲ. ಬಿಸಿಲು ಬೀಳುವ ಒಂದು ಮೂಲೆ ಸಾಕು. ರಸ್ತೆಬದಿಯ ಸಾಮಾನ್ಯ ಮಿಲ್ಕ್‌ವೀಡ್ ಬೇರಿನಿಂದ ಹಬ್ಬುತ್ತದೆ, ಚಿಕ್ಕ ಅಂಗಳಕ್ಕೆ ಕಿತ್ತಳೆ ಹೂವಿನ ‘ಬಟರ್‌ಫ್ಲೈ ವೀಡ್’ ಒಳ್ಳೆಯದು, ನೀರು ನಿಲ್ಲುವ ಜೇಡಿಮಣ್ಣಿಗೆ ‘ಸ್ವಾಂಪ್ ಮಿಲ್ಕ್‌ವೀಡ್’. ಬೀಜ ಮೊಳೆಯಲು ಚಳಿಗಾಲದ ತಂಪು ಬೇಕು. ಹಾಗಾಗಿ ವಸಂತಕ್ಕೆ ಕಾಯದೆ ರಾಜ್ಯೋತ್ಸವದ ಹೊತ್ತಿಗೆ ಬಿತ್ತಿ ಬಿಡಬಹುದು. ಹಾಲು ಕಣ್ಣಿಗೆ ತಾಗಬಾರದು ಎಂದು ಮಕ್ಕಳಿಗೆ ಹೇಳಿ, ಎಕ್ಕದ ಬಗ್ಗೆ ಅಜ್ಜಿ ನಮಗೆ ಹೇಳಿದ ಎಚ್ಚರಿಕೆ ಅದೇ. ಸಸಿ ಕೊಳ್ಳುವಾಗ ಕೀಟನಾಶಕ ಹಾಕಿಲ್ಲವೇ ಎಂದು ಕೇಳಿ. ಬ್ಲೂಬೆರಿಗೆ ಹುಳಿಮಣ್ಣು, ಎರಡು ಬೇರೆ ತಳಿಯ ಗಿಡಗಳಿದ್ದರೆ ಫಸಲು ಹೆಚ್ಚು. ಅದರ ಹೂವನ್ನು ಗುಂಯ್‌ಗುಡುತ್ತ ಅಲುಗಿಸಿ ಪರಾಗ ಉದುರಿಸುವುದು ಇಲ್ಲಿನ ಬಂಬಲ್‌ಬೀ. ನಮ್ಮ ಬದನೆ, ಟೊಮೆಟೊ ಹೂಗಳಿಗೂ ಅದೇ ಬರುತ್ತದೆ. ಗೋಲ್ಡನ್‌ರಾಡ್ ತಾನಾಗಿ ಬಂದರೆ ಒಂದು ಬುಡ ಉಳಿಸಿಕೊಳ್ಳಿ. ಒಣಗಿದ ಕಾಂಡಗಳನ್ನು ಚಳಿಗಾಲ ಮುಗಿಯುವವರೆಗೆ ಕತ್ತರಿಸಬೇಡಿ, ಪುಟ್ಟ ಜೇನುಹುಳುಗಳು ಅದರೊಳಗೆ ಮಲಗಿರುತ್ತವೆ.

ಶಿಕ್ಷಕರಿಗೆ ಒಂದು ಕೋರಿಕೆ. ಈ ಮೂರು ಗಿಡಗಳಿಗೆ ಬಳಕೆಯಲ್ಲಿರುವ ಕನ್ನಡ ಹೆಸರಿಲ್ಲ. 1940ರ ದಶಕದ ಕೊನೆಯಲ್ಲಿ ಹಾರ್ವರ್ಡ್‌ನಲ್ಲಿ ಇರ್ವಿಂಗ್ ಬೇಲಿ ಅವರೊಡನೆ ಸಂಶೋಧನೆ ಮಾಡಿದ ಬಿ. ಜಿ. ಎಲ್. ಸ್ವಾಮಿಯವರು ಊರಿಗೆ ಮರಳಿ, ನಮ್ಮ ಬೇಲಿಸಾಲಿನ ಗಿಡಗಳನ್ನೂ ಕತೆಯಂತೆ ಓದಿಸಿಕೊಳ್ಳುವ ಕನ್ನಡದಲ್ಲಿ ಬರೆದರು. ಅವರ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಈ ಮಣ್ಣಿನ ಗಿಡಗಳಿಗೂ ಅಂಥ ಕನ್ನಡ ಬೇಕು. ಸೆಪ್ಟೆಂಬರಿನಲ್ಲಿ ತರಗತಿ ಮತ್ತೆ ಶುರುವಾದಾಗ ಒಂದು ಶನಿವಾರ ಮಕ್ಕಳನ್ನು ಹಳೆಯ ರೈಲುಹಳಿಯ ಮೇಲೆ ಮಾಡಿರುವ ಮಿಡ್ಲ್‌ಸೆಕ್ಸ್ ಗ್ರೀನ್‌ವೇ ದಾರಿಯಲ್ಲಿ ನಡೆಸಿ. ಹಳದಿ ಹೂವನ್ನೂ ಹಾಲು ಸುರಿಸುವ ಎಲೆಯನ್ನೂ ಅವರೇ ಹುಡುಕಲಿ, ಅಲ್ಲಿ ಯಾವ ಹುಳು ಕೂತಿದೆ ಎಂದು ನೋಡಿ ಬರೆಯಲಿ, ಅದಕ್ಕೊಂದು ಕನ್ನಡ ಹೆಸರು ಇಡಲಿ. ಒಳ್ಳೆಯ ಹೆಸರು ಸಿಕ್ಕಿದರೆ ಮುಂದಿನ ವರ್ಷದ ಸಂಚಿಕೆಯಲ್ಲಿ, ಇಟ್ಟ ಮಗುವಿನ ಹೆಸರಿನೊಂದಿಗೆ, ಅಚ್ಚು ಹಾಕೋಣ. ಎಲಿಜಬೆತ್ ವೈಟ್ ಹಾಕಿಕೊಟ್ಟ ಪದ್ಧತಿಯೂ ಅದೇ ತಾನೆ.